ಓಟಾನಿ ಸಂಬಳ ಮುಂದೂಡಿದ್ದು ಸರಿಯೇ?

2023ರ ಡಿಸೆಂಬರ್‌ನಲ್ಲಿ ಫ್ರೀ ಏಜೆಂಟ್ (ಯಾವ ತಂಡವನ್ನಾದರೂ ಸೇರಬಹುದಾದ ಆಟಗಾರ) ಆಗಿದ್ದ, ಬ್ಯಾಟಿಂಗ್ ಜೊತೆಗೆ ಪಿಚಿಂಗನ್ನೂ ಮಾಡುವ ಜಪಾನಿನ ಶೋಹೇ ಓಟಾನಿ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಕೊಟ್ಟು ಸೇರಿಸಿಕೊಂಡಿತು. ಆಡುವಷ್ಟು ಕಾಲ ಕೈಗೆ ಸಿಗುವುದು ವರ್ಷಕ್ಕೆ 20 ಲಕ್ಷ. ಉಳಿದ 68 ಕೋಟಿ, ಬಡ್ಡಿಯಿಲ್ಲದೆ, 2034ರಿಂದ 2043ರವರೆಗೆ. ಈ ಏರ್ಪಾಡು ಆಟಕ್ಕೆ ಒಳ್ಳೆಯದೇ?

ಪರ

ಡಾಡ್ಜರ್ಸ್ ಸಾಲ ಮಾಡಿ ತುಪ್ಪ ತಿಂದಿದೆ ಎನ್ನುವವರು ನಿಯಮ ನೋಡಿಲ್ಲ. ಮುಂದೆ ಕೊಡಬೇಕಾದ ಹಣಕ್ಕೆ ತಂಡ ಈಗಿನಿಂದಲೇ ವರ್ಷಕ್ಕೆ ಸುಮಾರು 4.4 ಕೋಟಿ ತೆಗೆದಿಡಬೇಕು. ಮಿತಿ ಮೀರಿದ ಸಂಬಳಕ್ಕೆ ಬೀಳುವ ತೆರಿಗೆಯ ಲೆಕ್ಕದಲ್ಲೂ ಓಟಾನಿ ಸಂಬಳ 20 ಲಕ್ಷವಲ್ಲ, ಸುಮಾರು 4.6 ಕೋಟಿ.

ಮುಂದೂಡುವ ಮಾತೆತ್ತಿದ್ದೂ ಓಟಾನಿ ಕಡೆಯವರೇ. ಹಿಂದಿನ ಏಂಜಲ್ಸ್ ತಂಡದಲ್ಲಿ ಆರು ಋತು ದುಡಿದರೂ ಒಮ್ಮೆಯೂ ಪ್ಲೇಆಫ್ ಕಾಣದ ಆಟಗಾರ, ತನ್ನ ಸಂಬಳದ ಭಾರಕ್ಕೆ ಒಳ್ಳೆಯ ಜೊತೆಗಾರರು ತಪ್ಪಿಹೋಗಬಾರದು ಎಂದುಕೊಂಡರೆ ಅದನ್ನು ಮೋಸ ಎನ್ನಲು ನನಗೆ ಮನಸ್ಸು ಬಾರದು. ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಮೊದಲ ವರ್ಷ ಪಿಚಿಂಗ್ ಇರಲಿಲ್ಲ. ಬ್ಯಾಟ್ ಹಿಡಿದೇ 54 ಹೋಂ ರನ್, 59 ಬೇಸ್ ಕಳವು. 2024, 2025 ಎರಡೂ ವರ್ಷ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಡಾಡ್ಜರ್ಸ್ ಪಾಲಾಯಿತು.

2025ರ ಅಕ್ಟೋಬರ್ 17ರ ರಾತ್ರಿ, ಪ್ಲೇಆಫ್‌ನಲ್ಲಿ ಮಿಲ್ವಾಕೀ ತಂಡದ ವಿರುದ್ಧ. ಮೊದಲ ಇನಿಂಗ್ಸ್‌ನಲ್ಲಿ ಮೂವರನ್ನು ಸ್ಟ್ರೈಕ್‌ಔಟ್ ಮಾಡಿದ ಓಟಾನಿ, ಗ್ಲೋವ್ ಕಳಚಿ ಬ್ಯಾಟ್ ಹಿಡಿದು ಬಂದವರೇ ಹೋಂ ರನ್ ಹೊಡೆದರು. ಮುಂದೆ ಇನ್ನೆರಡು, ಒಂದು ಚೆಂಡಂತೂ ಪೆವಿಲಿಯನ್ ಚಾವಣಿಯ ಮೇಲಿಂದ ಹಾರಿಹೋಯಿತು. ಒಟ್ಟು ಹತ್ತು ಸ್ಟ್ರೈಕ್‌ಔಟ್. ಇಂಥ ಆಟಗಾರ ಅಕ್ಟೋಬರ್‌ನಲ್ಲಿ ಮನೆಯಲ್ಲಿ ಕೂತಿದ್ದರೆ ಆಟಕ್ಕೇ ನಷ್ಟ.

ವಿರೋಧ

ನಿಯಮ ಎಲ್ಲರಿಗೂ ಒಂದೇ, ಸರಿ. ಅದನ್ನು ಬಳಸಿಕೊಳ್ಳುವ ತಾಕತ್ತು ಒಂದೇ ಅಲ್ಲ. ಡಾಡ್ಜರ್ಸ್‌ನ 25 ವರ್ಷಗಳ ಟಿವಿ ಒಪ್ಪಂದವೇ 800 ಕೋಟಿ ಡಾಲರ್‌ಗೂ ಮಿಕ್ಕಿದ್ದು. ಐಪಿಎಲ್ ಹರಾಜಿನಲ್ಲಿರುವಂಥ ಗಟ್ಟಿ ಮಿತಿ ಬೇಸ್‌ಬಾಲ್‌ನಲ್ಲಿಲ್ಲ. ಮೀರಿದವರು ತೆರಿಗೆ ಕಟ್ಟಿದರಾಯಿತು. 2025ಕ್ಕೆ ಈ ತಂಡಕ್ಕೆ ಬಿದ್ದ ತೆರಿಗೆ ಸುಮಾರು 16.9 ಕೋಟಿ.

ಪಿಟ್ಸ್‌ಬರ್ಗ್‌ನವರನ್ನು ನೆನೆಯಿರಿ. ಅವರ ಪೈರೇಟ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದದ್ದು 1979ರಲ್ಲಿ, ಅದೇ ಕೊನೆ. ಈಗ ಪಾಲ್ ಸ್ಕೀನ್ಸ್ ಎಂಬ ಅದ್ಭುತ ಪಿಚರ್ ಸಿಕ್ಕಿದ್ದಾರೆ, 2025ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನೂ ಗೆದ್ದರು. ಆದರೆ ಆರು ವರ್ಷ ಆಡಿದರೆ ಆಟಗಾರ ಫ್ರೀ ಏಜೆಂಟ್. ಮಗನಿಗೆ ಸ್ಕೀನ್ಸ್ ಹೆಸರಿನ ಜೆರ್ಸಿ ಕೊಡಿಸುವ ಅಪ್ಪ ಇನ್ನೆಷ್ಟು ವರ್ಷ ಉಳಿದಿದೆ ಎಂದು ಬೆರಳೆಣಿಸುವಂತಾಗಬಾರದು. ಮಾಲೀಕರ ಜಿಪುಣತನದ ಪಾಲೂ ಇದರಲ್ಲಿದೆ, ಅಲ್ಲಗಳೆಯುವುದಿಲ್ಲ.

ಆಟಗಾರ ಕಟ್ಟುವ ಆದಾಯ ತೆರಿಗೆಯ ಸಂಗತಿ ಬೇರೆ. ಹಣ ಕೈಸೇರುವ ಹೊತ್ತಿಗೆ ಆಟಗಾರ ಕ್ಯಾಲಿಫೋರ್ನಿಯಾ ಬಿಟ್ಟಿದ್ದರೆ ರಾಜ್ಯಕ್ಕೆ ಬರಬೇಕಾದದ್ದು ತಪ್ಪಬಹುದು.

ಹಾಗೆಂದು ಸಂಬಳಕ್ಕೆ ಮಿತಿ ಹಾಕಿ ಎನ್ನಲಾರೆ. 1994ರಲ್ಲಿ ಆ ಮಿತಿಯ ಜಗಳಕ್ಕೇ ವರ್ಲ್ಡ್ ಸೀರೀಸ್ ರದ್ದಾಯಿತು. ಹಂಚಬೇಕಾದದ್ದು ಟಿವಿ ಹಣ. ಆಟಗಾರರು ಮತ್ತು ಮಾಲೀಕರ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರು ಆ ಹಣವನ್ನು ಮೇಜಿನ ಮೇಲಿಟ್ಟೇ ಮಾತಿಗೆ ಕೂರಲಿ.