ಲೈಲಾಕ್: ಬಣ್ಣಕ್ಕಿಂತ ಮೊದಲು ಚಳಿ

ಲೈಲಾಕ್ ಗಿಡ ಕೊಳ್ಳುವವರು ಸಾಮಾನ್ಯವಾಗಿ ಹೂವಿನ ಚಿತ್ರ ನೋಡಿ ತಳಿ ಆರಿಸುತ್ತಾರೆ. ಮೊದಲು ನೋಡಬೇಕಾದದ್ದು ಊರಿನ ಚಳಿ. ಬಾಲ್ಕನ್ ಬೆಟ್ಟಗಳಿಂದ ಬಂದ ಈ ಪರಿಮಳದ ಪೊದೆಗೆ ವಾರಗಟ್ಟಲೆ ಚಳಿ ತಾಗದಿದ್ದರೆ ಮೊಗ್ಗು ಸರಿಯಾಗಿ ಅರಳದು. ಫ್ರಾನ್ಸಿನ ನಾನ್ಸಿಯಲ್ಲಿ ವಿಕ್ಟರ್ ಲೆಮ್ವಾನ್ ದಂಪತಿ 1870ರ ದಶಕದಿಂದ ರೂಪಿಸಿದ, ಸುತ್ತುಮಲ್ಲಿಗೆಯಂತೆ ಒತ್ತಾದ ಎಸಳಿನ ತಳಿಗಳು ಚೆಲುವೇ ಸರಿ. ಬೆಚ್ಚನೆಯ ಊರಿನಲ್ಲಿ ಅವು ಎಲೆಯಲ್ಲೇ ಉಳಿದಾವು. ದಕ್ಷಿಣ ಕ್ಯಾಲಿಫೋರ್ನಿಯಾದ ತೋಟಗಳಿಗಾಗಿಯೇ ವಾಲ್ಟರ್ ಲ್ಯಾಮರ್ಟ್ಸ್ ಕಡಿಮೆ ಚಳಿಗೂ ಹೂಬಿಡುವ 'ಲ್ಯಾವೆಂಡರ್ ಲೇಡಿ' ಬೆಳೆಸಿದರು. ಚಳಿಯಿದ್ದು ಜಾಗ ಕಿರಿದಾದರೆ ಕೊರಿಯಾ ಮೂಲದ ಗಿಡ್ಡ 'ಮಿಸ್ ಕಿಮ್' ಸಾಕು. ಬಿಳಿ ಅಂಚಿನ 'ಸೆನ್ಸೇಷನ್' ಮೇಲಿನ ಆಸೆ ಆಮೇಲಿನ ಮಾತು. ಮುಂಬೈ, ಚೆನ್ನೈಯವರು ಲೈಲಾಕ್ ಆಸೆ ಬಿಟ್ಟು ಮಲ್ಲಿಗೆ ನೆಡುವುದೇ ಜಾಣತನ. ಹೂವಿಗಾಗಿ ಈ ಗಿಡ ವರ್ಷಗಟ್ಟಲೆ ಕಾಯಿಸುತ್ತದೆ. ತಪ್ಪು ತಳಿ ನೆಟ್ಟರೆ ಅಷ್ಟೂ ವರ್ಷ ದಂಡ.