ನಿಯಮ ಫೋನಿಗೋ, ಹುಡುಗಿಗೋ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದ ವರ್ಷ ಸೈಬರ್ ಸೆಂಟರ್‌ಗೆ ಹೋಗಿದ್ದೆ. ಆಧಾರ್, ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲವೂ ಕೈಯಲ್ಲಿದ್ದವು. ಆದರೆ ನನ್ನ ಆಧಾರ್‌ಗೆ ಜೋಡಿಸಿರುವುದು ಭಾಯಿಜಾನ್ ನಂಬರ್. ಒಟಿಪಿ ಅವರಿಗೆ ಹೋಯಿತು. ಅವರು ಕೆಲಸದ ಮೇಲೆ ಬಸ್ಸಿನಲ್ಲಿದ್ದರು, ಕರೆ ಎತ್ತಲಿಲ್ಲ. ಮೂರು ಸಲ ಒಟಿಪಿಯ ಸಮಯ ಮುಗಿಯಿತು. ಅಂದು ಬರಿಗೈಯಲ್ಲಿ ಮನೆಗೆ ಬಂದೆ. ಮರುದಿನ ಲೆಕ್ಕಶಾಸ್ತ್ರದ ತರಗತಿ ತಪ್ಪಿಸಿಕೊಂಡು ಅರ್ಜಿ ಮುಗಿಸಿದೆ.

ಅರ್ಜಿ ನನ್ನದು, ಅಂಕ ನನ್ನದು, ಬೀಗದ ಕೈ ಮಾತ್ರ ಇನ್ನೊಬ್ಬರ ಜೇಬಿನಲ್ಲಿ!

ಭಾಯಿಜಾನ್‌ಗೆ ಪಿಯುಸಿ ಸೇರಿದ ವಾರವೇ ಫೋನ್ ಬಂತು. ನನಗೆ ಅಮ್ಮಿಯ ಫೋನೇ ಗತಿ, ಅದೂ ಅಮ್ಮಿ ಎದುರಿಗೆ ಕೂತಿದ್ದಾಗ. ಕೇಳಿದರೆ ಅಬ್ಬು, “ಜಮಾನಾ ಖರಾಬ್ ಹೈ ಬೇಟಾ” ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಒಂದು ಹುಡುಗಿಯ ಫೋಟೋ ತಪ್ಪು ಕೈಗೆ ಹೋದರೆ ಏನಾಗುತ್ತದೆ ಎಂದು ನಮಗೂ ಗೊತ್ತು. ಆದರೆ ಜಮಾನಾ ಕೆಟ್ಟಿರುವುದು ಹುಡುಗಿಯರಿಗೆ ಮಾತ್ರವೇ? ರಾತ್ರಿ ಎರಡರವರೆಗೆ ಗೇಮ್ ಆಡುವ ಹುಡುಗನಿಗೆ ಕೆಟ್ಟಿಲ್ಲವೇ?

ಬೇರೆ ದೇಶಗಳಲ್ಲೂ ಫೋನಿಗೆ ಕಟ್ಟುಪಾಡುಗಳಿವೆ. ಜಪಾನಿನ ರೈಲುಗಳಲ್ಲಿ ಫೋನನ್ನು ‘ಮ್ಯಾನರ್ ಮೋಡ್’ನಲ್ಲಿಡಿ, ಕರೆ ಮಾಡಬೇಡಿ ಎಂದು ಘೋಷಣೆ ಬರುತ್ತದೆ. ಅಲ್ಲಿನ ಯುವಕರು ರೈಲಿನಲ್ಲಿ ಫೋನ್ ನೋಡುತ್ತಾರೆ, ಟೈಪ್ ಮಾಡುತ್ತಾರೆ, ಆದರೆ ಮಾತನಾಡುವುದನ್ನು ಅಸಭ್ಯವೆಂದು ತಿಳಿಯುತ್ತಾರೆ. ಅದೇ ದೇಶದಲ್ಲಿ ಯುವತಿಯರು ಬಟನ್ ಫೋನಿನಲ್ಲೇ ಕಾದಂಬರಿಗಳನ್ನು ಬರೆದರು. 2007ರಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳಲ್ಲಿ ಐದು ಹೀಗೆ ಫೋನಿನಲ್ಲಿ ಹುಟ್ಟಿದವು.

ಫ್ರಾನ್ಸ್ 2018ರ ಕಾನೂನಿನಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳ ಫೋನ್ ಬಳಕೆಯನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ದಂಡ ಕಂಪನಿಗೆ, ಮಕ್ಕಳಿಗೂ ಇಲ್ಲ, ತಂದೆತಾಯಿಗೂ ಇಲ್ಲ. ಕೀನ್ಯಾದಲ್ಲಿ ಕಥೆಯೇ ಬೇರೆ. ಅಲ್ಲಿ 2007ರಲ್ಲಿ ಎಂ-ಪೆಸಾ ಶುರುವಾದಾಗ ಸಾಧಾರಣ ಫೋನೇ ಬ್ಯಾಂಕ್ ಆಯಿತು. ನಗರದಲ್ಲಿ ದುಡಿಯುವ ಮಕ್ಕಳು ಹಳ್ಳಿಯ ತಾಯಿಗೆ ಅದರಲ್ಲೇ ಹಣ ಕಳಿಸುತ್ತಾರೆ. ಪೆಸಾ ಎಂದರೆ ಸ್ವಾಹಿಲಿಯಲ್ಲಿ ಹಣ, ನಮ್ಮ ಮನೆಯ ‘ಪೈಸಾ’ದ ನೆಂಟ.

ಈ ನಿಯಮಗಳೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮಾತು ಗಮನಿಸಿ. ಅಲ್ಲಿ ನಿಯಮ ರೈಲಿಗಿದೆ, ಶಾಲೆಗಿದೆ, ವಯಸ್ಸಿಗಿದೆ. ಅಣ್ಣನಿಗೊಂದು, ತಂಗಿಗೊಂದು ಇಲ್ಲ.

ಇದನ್ನು ಕಲಿಯಲು ಜಪಾನಿಗೂ ಹೋಗಬೇಕಿಲ್ಲ. ನಮ್ಮ ಮೊಹಲ್ಲಾದ ಮಸೀದಿಯ ಬಾಗಿಲಲ್ಲೇ ‘ಮೊಬೈಲ್ ಬಂದ್ ಮಾಡಿ’ ಎಂಬ ಫಲಕವಿದೆ. ಅಂಗಡಿಯ ಸೇಠ್ ಸಾಹೇಬರೂ ಅದೇ ಅಂಗಡಿಯಲ್ಲಿ ಮೂಟೆ ಹೊರುವವರೂ ಒಂದೇ ಸಾಲಿನಲ್ಲಿ ನಿಲ್ಲುವ ಮೊದಲು ಅದನ್ನು ಪಾಲಿಸುತ್ತಾರೆ. ಎಲ್ಲರಿಗೂ ಒಂದೇ ಆಗಿರುವುದರಿಂದ ಯಾರಿಗೂ ಅವಮಾನವಿಲ್ಲ.

ಇದನ್ನೇ ಅಬ್ಬುಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಚಲೋ, ದೇಖೇಂಗೆ” ಎಂದರು. ಈಗ ರಾತ್ರಿ ದಸ್ತರ್‌ಖಾನ್ ಹಾಸಿದ ಮೇಲೆ ಮನೆಯ ಫೋನುಗಳೆಲ್ಲ ಒಂದು ಬುಟ್ಟಿಗೆ ಹೋಗುತ್ತವೆ. ಮೊದಲ ದಿನ ರಿಂಗಾದದ್ದು ಅಬ್ಬುದೇ. ಅವರು ಬುಟ್ಟಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ರೊಟ್ಟಿ ಮುರಿದುಕೊಂಡರು.

ನನ್ನ ಸ್ವಂತ ನಂಬರಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಮಾತು ಶುರುವಾಗಿದೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಈ ಮಾತು ಎತ್ತಿ. ಫೋನ್ ಬೇಕು ಎಂದು ಹಟ ಮಾಡಬೇಡಿ, ಎಲ್ಲರಿಗೂ ಒಂದೇ ನಿಯಮ ಬೇಕು ಎಂದು ಕೇಳಿ. ಹುಡುಗರೇ, ನಿಮ್ಮ ತಂಗಿಯ ಪರವಾಗಿ ನೀವೇ ಮೊದಲು ಕೇಳಿದರೆ ಇನ್ನೂ ಒಳ್ಳೆಯದು. ಗುರುಗಳಲ್ಲಿ ಒಂದು ವಿನಂತಿ: ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಜೊತೆ ಈ ವಿಷಯವನ್ನೂ ಚರ್ಚಿಸಿ. ಹಾಗೆಯೇ, ಪಾಠದ ನಡುವೆ ಫೋನ್ ರಿಂಗಾಗಬಾರದು ಎಂಬ ನಮ್ಮ ಕಾಲೇಜಿನ ನಿಯಮ ಮೇಜಿನ ಎರಡೂ ಬದಿಗೆ ಅನ್ವಯಿಸಿದರೆ ನಮಗೆ ಬಹಳ ಸಂತೋಷ.