ಹರಟೆಯನ್ನು ಹಳಿಯುವವರಿಗೆ

ಕಳೆದ ತಿಂಗಳು ನಮ್ಮೂರಿನ ಸಾಹಿತ್ಯ ಸಭೆಯೊಂದರಲ್ಲಿ ಹಿರಿಯ ವಿದ್ವಾಂಸರೊಬ್ಬರು ಅಧ್ಯಕ್ಷಪೀಠದಿಂದ ಒಂದು ತೀರ್ಪು ಕೊಟ್ಟರು: ಕಂಪ್ಯೂಟರಿನ ಕೆಲಸದ ತರುಣರು ಹಗಲಿರುಳೂ ಅದರ ಮುಂದೆ ಕುಳಿತು ಒಬ್ಬರಿಗೊಬ್ಬರು ಬರೆದುಕೊಳ್ಳುವುದೆಲ್ಲ ಬರಿಯ ಕಾಡುಹರಟೆ, ಅದರಿಂದ ಭಾಷೆ ಕೆಟ್ಟಿತು, ಹೊತ್ತೂ ಹಾಳಾಯಿತು. ಸಭೆ ಚಪ್ಪಾಳೆ ತಟ್ಟಿತು. ವಂದನಾರ್ಪಣೆಯ ಹೊಣೆ ನನ್ನದಾಗಿದ್ದುದರಿಂದ ಎದ್ದು ವಿರೋಧಿಸಲಾರದೆ ಹೋದೆ. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಹರಟೆಯೆಂದರೆ ಮೂಗು ಮುರಿಯುವ ಹಕ್ಕು ಕನ್ನಡದ ಮೇಷ್ಟರುಗಳಾದ ನಮಗೆ ಎಲ್ಲಿಂದ ಬಂತು? ಲಲಿತ ಪ್ರಬಂಧವನ್ನು ಹರಟೆಯೆಂದು ಪ್ರೀತಿಯಿಂದ ಕರೆದು, ಎ. ಎನ್. ಮೂರ್ತಿರಾಯರನ್ನು ತರಗತಿಯಲ್ಲಿ ಬಾಯಿ ತುಂಬ ಹೊಗಳುವವರು ನಾವೇ ಅಲ್ಲವೆ? ಪುಸ್ತಕವಾದರೆ ಸಾಹಿತ್ಯ, ಪರದೆಯ ಮೇಲೆ ಮೂಡಿದರೆ ಕಾಲಹರಣ! ಇದಾವ ನ್ಯಾಯ?

ಆ ಹರಟೆಯ ಒಂದು ಮಾದರಿಯನ್ನು ನೋಡೋಣ. 1982ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು, ಕಂಪ್ಯೂಟರಿನೊಳಗೇ ಇದ್ದ ತಮ್ಮ ಸೂಚನಾ ಫಲಕದ ಮೇಲೆ ಒಂದು ಕುಚೋದ್ಯದ ಚರ್ಚೆಗೆ ತೊಡಗಿದ್ದರು. ಹಗ್ಗ ಹರಿದ ಲಿಫ್ಟು ಕೆಳಕ್ಕೆ ಬೀಳುತ್ತಿರುವಾಗ ಒಳಗಿರುವ ಪಾರಿವಾಳ ಏನು ಮಾಡೀತು? ಉರಿಯುವ ಮೇಣದಬತ್ತಿಯ ಗತಿಯೇನು? ಪಾದರಸದ ಹನಿಯ ಗತಿಯೇನು? ಅಷ್ಟರಲ್ಲಿ ಒಬ್ಬರು, ಲಿಫ್ಟಿನಲ್ಲಿ ನಿಜಕ್ಕೂ ಪಾದರಸ ಚೆಲ್ಲಿದೆಯೆಂಬಂತೆ ತಮಾಷೆಗೆ ಒಂದು ಎಚ್ಚರಿಕೆ ಬರೆದರು. ಕೆಲವರು ಅದನ್ನು ನಂಬಿಯೇ ಬಿಟ್ಟರು. ಮುಖ ಕಾಣದ, ದನಿ ಕೇಳದ ಮಾತಿನಲ್ಲಿ ನಗೆಯನ್ನು ಗುರುತಿಸುವುದು ಹೇಗೆ? ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ವಿಜ್ಞಾನಿ ಉಪಾಯ ಹೇಳಿದರು: ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ, ತಲೆಯನ್ನು ಎಡಕ್ಕೆ ವಾಲಿಸಿ ನೋಡಿದರೆ ನಗುಮುಖ.

ನಮ್ಮ ಆಲಂಕಾರಿಕರು ಇದನ್ನು ಕಂಡಿದ್ದರೆ ಹಿಗ್ಗುತ್ತಿದ್ದರು. ದನಿಯ ಏರಿಳಿತದಿಂದ ಅರ್ಥ ಬದಲಾಗುವುದನ್ನು ಅವರು ಕಾಕು ಎಂದರು. ಬರಹದಲ್ಲಿ ಕಾಕು ನಷ್ಟವಾಗುತ್ತದೆಂಬ ಕೊರತೆಯನ್ನು ಈ ಹರಟೆಮಲ್ಲರು ಮೂರು ಚಿಹ್ನೆಗಳಿಂದ ತುಂಬಿಕೊಂಡರು. ಕಾವ್ಯಮೀಮಾಂಸೆ ಬೋಧಿಸುವ ನಾವು ಇದನ್ನು ಭಾಷೆ ಕೆಟ್ಟಿತೆನ್ನುತ್ತೇವೆ! ಮುಂದೆ ಆ ಮೂಲ ಬರಹ ಕಣ್ಮರೆಯಾಗಿ, 2002ರಲ್ಲಿ ಹಳೆಯ ಟೇಪುಗಳನ್ನು ಶೋಧಿಸಿ ಅದನ್ನು ಮತ್ತೆ ಹೊರತೆಗೆದರು. ತಾಳೆಗರಿಗಾಗಿ ಅಟ್ಟ ಹತ್ತಿದವರಿಗೆ ಆ ಶ್ರದ್ಧೆಯ ಬೆಲೆ ತಿಳಿದೀತು.

ಇನ್ನು ಹೊತ್ತು ಹಾಳಾದ ಮಾತು. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಮಿನಿಕ್ಸ್ ಬಳಸುವವರ ಚರ್ಚಾಕೂಟದಲ್ಲಿ, ತಾನು ಹವ್ಯಾಸಕ್ಕಾಗಿ ಏನೋ ಮಾಡುತ್ತಿರುವೆನೆಂದು ಸಂಕೋಚದಿಂದಲೇ ಬರೆದ. ಅದೇ ಲಿನಕ್ಸ್, ನಮ್ಮ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದೂ ಅದೇ. 1992ರ ಜನವರಿಯಲ್ಲಿ ಮಿನಿಕ್ಸಿನ ಕರ್ತೃ ಪ್ರೊಫೆಸರ್ ಟ್ಯಾನನ್‌ಬಾಮ್ ಅಲ್ಲಿಯೇ ಅದನ್ನು ಹಳೆಯ ಕಾಲದ ಕಟ್ಟಣೆಯೆಂದು ಜರೆದರು. ಹುಡುಗ ಬಿಸಿಬಿಸಿಯಾಗಿ ಉತ್ತರ ಕೊಟ್ಟ. ಮರುದಿನ ತನ್ನ ಬಿರುನುಡಿಗೆ ಕ್ಷಮೆಯನ್ನೂ ಕೇಳಿದ. ನೀನು ನನ್ನ ಶಿಷ್ಯನಾಗಿದ್ದರೆ ಇಂಥ ರಚನೆಗೆ ಹೆಚ್ಚಿನ ಅಂಕ ಸಿಗುತ್ತಿರಲಿಲ್ಲ ಎಂದು ಬರೆದ ಪ್ರೊಫೆಸರು ಕೊನೆಗೆ ಅದೇ ನಗುಮುಖವನ್ನಿಟ್ಟರು. ಗುರುವಿನ ಎದುರು ನಿಂತು, ಎಲ್ಲರೂ ಓದುವಂತೆ, ಇಪ್ಪತ್ತೆರಡರ ಹುಡುಗನೊಬ್ಬ ವಾದಿಸಬಹುದಾದ ಸಭೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಉಂಟು?

ಅಲ್ಲಿ ಒರಟುತನವಿಲ್ಲವೆಂದು ನಾನು ವಾದಿಸೆನು. ಇದೇ ಟೊರ್ವಾಲ್ಡ್ಸ್ 2018ರಲ್ಲಿ ತನ್ನ ನಾಲಗೆಯ ಬಿರುಸಿಗಾಗಿ ಬಹಿರಂಗವಾಗಿ ಕ್ಷಮೆ ಬೇಡಿ ಕೆಲಕಾಲ ಕೆಲಸದಿಂದ ದೂರ ನಿಂತರು. ಇರಲಿ, ಬಯ್ಗುಳ ನಮ್ಮ ವಿಮರ್ಶೆಗೇನು ಹೊಸದೆ?

ನನ್ನ ನಿಜವಾದ ತಕರಾರು ಬೇರೆಯೇ ಇದೆ. ಈ ಹರಟೆ ಕನ್ನಡದಲ್ಲಿ ಏಕೆ ಇಷ್ಟು ವಿರಳ? ಲಿನಕ್ಸ್ ಹುಟ್ಟಿದ ಆ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಸ್ಥಾನ ಸಿಕ್ಕಿತು. ಕೆ. ಪಿ. ರಾಯರ ಕೀಲಿಮಣೆಯೂ ನಮಗೆ ದಕ್ಕಿದೆ. ಕೈಗೆ ಅಡ್ಡಿಯಿಲ್ಲ, ಮತ್ತೆ ತಡೆದವರಾರು?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಪ್ರೋಗ್ರಾಮರ್. ಅವನೂ ಗೆಳೆಯರೂ ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಎಲ್ಲರೂ ಕನ್ನಡಿಗರು. ಕಾಫಿ ಕುಡಿಯುವಾಗ ಕನ್ನಡ, ಬರೆಯುವಾಗ ಇಂಗ್ಲಿಷು. ಕಾರಣ ಕೇಳಿದೆ. ತಡೆದು ಹೇಳಿದ: "ಸಾರ್, ಹಿಂದೆ ಒಂದ್ಸಲ ಕನ್ನಡದಲ್ಲಿ ಬರೆದು ನಿಮಗೆ ಕಳಿಸಿದ್ದೆ, ಜ್ಞಾಪಕ ಇದೆಯಾ?"

ಜ್ಞಾಪಕವಿತ್ತು. ಒಂದು ಅಲ್ಪವಿರಾಮ ತಪ್ಪಿ ಬಿದ್ದು ರಾತ್ರಿಯೆಲ್ಲ ಪ್ರೋಗ್ರಾಮು ಹಟ ಹಿಡಿದು ಕುಳಿತ ಕಥೆ. ಗೆಳೆಯರಿಗೆಂದು ಬರೆದದ್ದನ್ನು ಪ್ರೀತಿಯಿಂದ ನನಗೂ ಕಳಿಸಿದ್ದ. ನಾನು ಹನ್ನೆರಡು ಕಡೆ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ, 'ಬಗ್' ಎನ್ನಬೇಡ 'ದೋಷ' ಎನ್ನು ಎಂದು ಉಪದೇಶಿಸಿ ಹಿಂದಿರುಗಿಸಿದ್ದೆ. ಕಥೆ ಹೇಗಿತ್ತೆಂದು ಒಂದು ಮಾತು ಬರೆದಿರಲಿಲ್ಲ. ಅಂದಿನಿಂದ ಅವನು ಗೆಳೆಯರಿಗೂ ಕನ್ನಡದಲ್ಲಿ ಬರೆದಿಲ್ಲ.

ಭಾಷೆಯನ್ನು ಕೆಡಿಸಿದವರ ಪಟ್ಟಿ ತಯಾರಿಸುವವರು ಈ ಹನ್ನೆರಡು ತಿದ್ದುಪಡಿಗಳನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ? ಆ ಬರಹವನ್ನು ಮೊನ್ನೆ ಮತ್ತೆ ಓದಿ ಎರಡು ಕಡೆ ಗಟ್ಟಿಯಾಗಿ ನಕ್ಕೆ. ಹಾಗೆಂದು ಅವನಿಗೆ ಬರೆದೂ ಇದ್ದೇನೆ. ಅವನು ಒಪ್ಪಿದರೆ ಮುಂದಿನ ಸಭೆಯಲ್ಲಿ, ಅದೇ ಅಧ್ಯಕ್ಷರ ಎದುರಿಗೆ, ಅದನ್ನು ತಿದ್ದದೆ ಓದುತ್ತೇನೆ. ವಂದನಾರ್ಪಣೆಯನ್ನು ಬೇರೆ ಯಾರಾದರೂ ಮಾಡಲಿ.